ಹಿತ್ತಲ ದಾರಿಯಿಂದ ಬಂದ ಪ್ರಶ್ನೆ

ಇದನ್ನು ನಂಬಿರೆಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಆ ರಾತ್ರಿ ಸಿಂದಗಿಯ ಆ ಕೋಣೆಯಲ್ಲಿ ಕುಳಿತಿದ್ದವನು ನಾನೇ. ಒಂದು ಮಾತನ್ನೂ ಸೇರಿಸದೆ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವುದು ಒಂದು ಖಾಸಗಿ ಆಸ್ಪತ್ರೆಯಲ್ಲಿ. ಮುಖ್ಯ ಕಚೇರಿ ಸಿಂದಗಿಯಲ್ಲಿದೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಶಾಖೆಗಳಿವೆ. ಇವುಗಳನ್ನು ಜೋಡಿಸುವ ನೆಟ್‌ವರ್ಕ್ ನನ್ನ ಹೊಣೆ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಅಂದು ಸಂಜೆಯಿಂದ ಇಂಡಿ ಶಾಖೆಗೆ ರಕ್ತಪರೀಕ್ಷೆಯ ವರದಿಗಳು ತಲುಪುತ್ತಿರಲಿಲ್ಲ. ವ್ಯವಸ್ಥಾಪಕರಾದ ಶಂಕ್ರಪ್ಪನವರು ಮೇಲಿಂದ ಮೇಲೆ ಫೋನ್ ಮಾಡಿದರು. ಅವರ ದೃಷ್ಟಿಯಲ್ಲಿ ತಪ್ಪೆಲ್ಲವೂ ಫೈರ್‌ವಾಲ್‌ನದು.

"ಅದನ್ನ ಬಂದ್ ಮಾಡಿ ಒಗೀರಿ. ಹಿಂದಿನವ್ರು ಹಂಗೇ ಮಾಡ್ತಿದ್ರು."

"ಬಂದ್ ಮಾಡಿದ್ರ ರೋಗಿಗಳ ಮಾಹಿತಿಗೆ ಕಾವಲೇ ಇರೂದಿಲ್ರಿ ಸರ್. ಕಾರಣ ಬ್ಯಾರೇನೋ ಐತ್ರಿ..."

"ಓದಿದವ್ರ ಕಡೆ ಬರೀ ಕಾರಣ ಇರ್ತಾವ. ಮುಂಜಾನಿಗೆ ವರದಿ ಬರ್ಲಿಲ್ಲಂದ್ರ ನೀವೂ ಬರಬ್ಯಾಡ್ರಿ."

ನಾನು ದಾಖಲೆ ತೆರೆದು ನೋಡಿದೆ; ಇಂಡಿಗೆ ಹೊರಟ ಉತ್ತರಗಳನ್ನು ಫೈರ್‌ವಾಲ್ ತಡೆಯುತ್ತಿತ್ತು. ಫೈರ್‌ವಾಲ್ ಎಂಬುದು ಬಾಗಿಲ ಕಾವಲುಗಾರನಿದ್ದಂತೆ. ತನ್ನೆದುರು ಒಳಬಂದ ಪ್ರಶ್ನೆಗೆ ಮಾತ್ರ ಉತ್ತರ ಹೊರಹೋಗಲು ಬಿಡುತ್ತದೆ. ವರದಿ ಕೊಡಿ ಎಂಬ ಇಂಡಿಯ ಪ್ರಶ್ನೆ ಬೇರೆ ದಾರಿಯಿಂದ ಒಳನುಗ್ಗಿ, ಉತ್ತರ ಮಾತ್ರ ಮುಂಬಾಗಿಲಿಗೆ ಬಂದರೆ? ಯಾರೂ ಕೇಳದ ಉತ್ತರವೆಂದು ತಡೆಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಹಿತ್ತಲ ದಾರಿಯಲ್ಲಿ ಯಾರು ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ.

ಪ್ರಶ್ನೆ ಬಂದ ದಾರಿಯನ್ನು ಹುಡುಕಿದೆ. ಪರದೆಯ ಮೇಲೆ, ಮಾಹಿತಿಗೆ ದಾರಿ ತೋರಿಸುವ ಯಂತ್ರವಾದ ಕೊಲ್ಹಾರದ ರೂಟರ್‌ನ ಹೆಸರು ಮೂಡಿತು.

ಹೊಳೆದಂಡೆಯಲ್ಲಿದ್ದ ಕೊಲ್ಹಾರದ ಶಾಖೆ ಮುಚ್ಚಿ ಬಹಳ ಕಾಲವಾಗಿತ್ತು. ಆ ರೂಟರನ್ನು ಬಿಚ್ಚಿ ತಂದವನು ನಾನೇ. ಅದು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು...

ಕಪಾಟು ತೆರೆದೆ. ಹೊಳೆದಂಡೆಯ ಹಸಿ ಕೆಸರಿನ ವಾಸನೆ ಮುಖಕ್ಕೆ ಹೊಡೆಯಿತು. ರೂಟರ್‌ಗೆ ಒಂದು ವೈರೂ ಇರಲಿಲ್ಲ. ಮುಟ್ಟಿದೆ. ಬೆಚ್ಚಗಿತ್ತು... ಈಗಷ್ಟೇ ಯಾರೋ ಸ್ವಿಚ್ ಆರಿಸಿಟ್ಟಂತೆ.

ಕೊಲ್ಹಾರದ ದಾರಿಯನ್ನು ಎಲ್ಲ ಶಾಖೆಗಳಿಂದ ಅಳಿಸಿದೆ. ಇಂಡಿಯ ಪ್ರಶ್ನೆ ಮುಂಬಾಗಿಲಿಗೇ ಬಂತು, ವರದಿಗಳು ಹರಿದುಹೋದವು. ಫೈರ್‌ವಾಲನ್ನು ನಾನು ಮುಟ್ಟಲೇ ಇಲ್ಲ.

ಮುಂಜಾನೆ ಶಂಕ್ರಪ್ಪನವರು ನಗುತ್ತ ಬಂದರು. "ಕಡೀಕ ಬಂದ್ ಮಾಡಿದ್ರಿಲ್ಲೋ? ನಾ ಮೊದಲೇ ಹೇಳಿದ್ದಿಲ್ಲೇನು?" ನಾನು ಎಷ್ಟು ವಿವರಿಸಿದರೂ ಅವರು ಕೇಳಿಸಿಕೊಳ್ಳಲಿಲ್ಲ. ಫೈರ್‌ವಾಲ್ ಬಂದ್ ಮಾಡಿದ ಜಾಣತನಕ್ಕೆಂದೇ ನನ್ನನ್ನು ಖಾಯಂ ಮಾಡಿದರು!

ಆ ರೂಟರ್ ಗುಜರಿಗೆ ಹೋಗಿದೆ. ಆದರೂ ಕೆಲವು ರಾತ್ರಿ ನಮ್ಮ ಫೈರ್‌ವಾಲ್ ಒಂದು ಉತ್ತರವನ್ನು ತಡೆಯುತ್ತದೆ. ಅದು ಹೊರಟಿರುವುದು ಕೊಲ್ಹಾರಕ್ಕೆ.

ಉತ್ತರ ಹೊರಟಿದೆಯೆಂದರೆ, ಯಾರೋ ಒಳಗೆ ಬಂದು ಕೇಳಿರಲೇಬೇಕು...