ಭಾಂಡೆ ಓದುವ ಗದಿಗೆಪ್ಪ

ಬೆಳಗಿನ ಐದೂವರೆ. ಘಾಟ್ಕೋಪರ್‌ನ ಚಾಳೊಂದರ ಕೋಲಿಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ, ಐವತ್ತೆಂಟರ ಗದಿಗೆಪ್ಪ ನೆಲಕ್ಕೆ ಕೂತು ಅಡುಗೆ ಪಾತ್ರೆಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದಾರೆ. ಮಹಾದೇವಿ (ಹೆಸರು ಬದಲಿಸಿದ್ದೇನೆ) ಸೆರಗು ಬಾಯಿಗೊತ್ತಿ ನಿಂತಿದ್ದಾಳೆ. ಹನ್ನೊಂದಕ್ಕೆ ಫ್ಯಾಮಿಲಿ ಕೋರ್ಟಿನಲ್ಲಿ ಅವಳ ಕೇಸು. 'ಇವಳು ನನ್ನ ಹೆಂಡತಿಯೇ ಅಲ್ಲ, ಅಡುಗೆಗೆ ಇಟ್ಟುಕೊಂಡವಳು, ಕೋಲಿ ಖಾಲಿ ಮಾಡಿಸಿ' ಎನ್ನುತ್ತಿದ್ದಾನೆ ಗಂಡ ಧನರಾಜ. ಹನ್ನೊಂದು ವರ್ಷ ಸಂಸಾರ ಮಾಡಿದವನ ಬಾಯಿಂದ ಬಂದ ಮಾತಿದು! ಊರಲ್ಲಿ ಆದ ಮದುವೆ, ನೋಂದಣಿ ಇಲ್ಲ. ಲಗ್ನಪತ್ರಿಕೆ, ಫೋಟೊ ಎಲ್ಲ ಅವನೇ ಒಯ್ದಿದ್ದಾನೆ. ತವರಿನವರ ಸಾಕ್ಷಿಯನ್ನು 'ತಮ್ಮವಳ ಪರ ಹೇಳದೆ ಇರುತ್ತಾರೆಯೇ' ಎಂದು ಎದುರು ವಕೀಲರು ಆಗಲೇ ತಳ್ಳಿಹಾಕಿದ್ದಾರೆ. ಇವತ್ತು ಸೋತರೆ ಅವಳು ಬೀದಿಪಾಲು.

"ಸಿಕ್ತ್ ನೋಡ್ರಿ!" ದೊಡ್ಡ ಡಬರಿಯೊಂದರ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರ: ಧನರಾಜ, ಮಹಾದೇವಿ, ಲಗ್ನದ ತಾರೀಖು.

"ನಮ್ಮ ಮಂದಿ ಸರ್ಟಿಫಿಕೇಟ್ ಮಾಡಸಂಗಿಲ್ರಿ. ಆದ್ರ ಲಗ್ನದ ಭಾಂಡೆ ಮ್ಯಾಲೆ ಹೆಸರು ಹಾಕಸೂದು ಮಾತ್ರ ಬಿಡಂಗಿಲ್ಲ," ಎಂದು ನಗುತ್ತಾರೆ.

ವಿಜಯಪುರ ಕಡೆಯ ಗದಿಗೆಪ್ಪ ಮೂವತ್ತೊಂದು ವರ್ಷದಿಂದ ವಕೀಲರ ಗುಮಾಸ್ತರು. ಈಗ ಮಹಾದೇವಿಯ ವಕೀಲೆ ನಮಿತಾ ಅವರ ಹತ್ತಿರ. ಮುಲುಂಡ್‌ನಿಂದ ಲೋಕಲ್ ಹಿಡಿದು ಬರುವಾಗ ಹೆಗಲಿಗೆ ಎರಡು ಚೀಲ, ದಿನಕ್ಕೆ ಎಂಟೊಂಬತ್ತು ಫೈಲು, ಪ್ರತಿಯೊಂದಕ್ಕೂ ಮೂರು ಮೂರು ಝೆರಾಕ್ಸ್. ವಕೀಲರ ಹೆಸರು ಬೋರ್ಡಿನ ಮೇಲೆ ಹೊಳೆಯುತ್ತದೆ. ಗುಮಾಸ್ತನನ್ನು ಕೇಳುವವರು ಯಾರು? ಆದರೆ ಹೆದರಿ ಬಂದ ಸಾಕ್ಷಿಗೆ ಕಟಕಟೆ ಹತ್ತುವ ಧೈರ್ಯ ಕೊಡುವವರು ಇವರೇ. ಸುಳ್ಳು ಹೇಳಿಕೊಡುವುದಿಲ್ಲ. "ಕೇಳಿದಷ್ಟ ಹೇಳವ್ವ. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ನು. ಅಳು ಬಂದ್ರ ಅಳು, ಆದ್ರ ಉತ್ತರ ಕೊಟ್ಟು ಅಳು."

ಇಂಥ ವಿಚಾರಣೆಗೆ ಹೊರಗಿನವರನ್ನು ಬಿಡುವುದಿಲ್ಲ. ನಾನು ಬಾಗಿಲಾಚೆ ಬೆಂಚಿನಲ್ಲಿ ಕಾಯುತ್ತೇನೆ. ಒಂದೂವರೆಗೆ ಊಟದ ಬಿಡುವಿನಲ್ಲಿ ಹೊರಬಂದ ಗದಿಗೆಪ್ಪನ ಮುಖ ಬಾಡಿದೆ.

"'ಈ ಹೆಸರು ಮೊನ್ನೆ ಮೊನ್ನೆ ಕೊರೆಸಿದ್ದಲ್ಲಂತ ಹೆಂಗ ನಂಬೂದು' ಅಂದ್ರು ಅವರ ವಕೀಲರು. ಇದು ನನಗ ಮೊದಲೇ ಹೊಳೀಬೇಕಿತ್ತು. ತಪ್ಪು ನಂದೇ."

ಮಹಾದೇವಿ ಗೋಡೆಗೊರಗಿ ಕೂತಿದ್ದಾಳೆ. "ಕಾಕಾ, ಸಂಜಿಕಿ ಎಲ್ಲಿಗಿ ಹೋಗ್ಲಿ?" ಎನ್ನುತ್ತಾಳೆ.

ನೀರು ಕುಡಿಯಲು ಹೊರಟ ಗದಿಗೆಪ್ಪ ಪಡಸಾಲೆಯ ನಡುವೆ ಗಕ್ಕನೆ ನಿಲ್ಲುತ್ತಾರೆ. ಎದುರು ಬೆಂಚಿನಲ್ಲಿ ಧನರಾಜ ಡಬ್ಬಿ ಬಿಚ್ಚಿ ಚಪಾತಿ ತಿನ್ನುತ್ತಿದ್ದಾನೆ. ಪಕ್ಕದಲ್ಲಿಟ್ಟ ಮುಚ್ಚಳದ ಮೇಲೆ ಅದೇ ಚುಕ್ಕಿ ಅಕ್ಷರ! ಹೆಂಡತಿಯನ್ನು ಬಿಟ್ಟ ಪುಣ್ಯಾತ್ಮ ಅವಳ ತವರಿನ ಡಬ್ಬಿ ಬಿಟ್ಟಿಲ್ಲ.

ನಾನು ಫೋಟೊ ತೆಗೆಯಲೆಂದು ಮೊಬೈಲಿಗೆ ಕೈ ಹಾಕಿದರೆ ಕಣ್ಣಲ್ಲೇ ಗದರುತ್ತಾರೆ. "ಸುಮ್ನಿರ್ರಿ! ಸುಳಿವು ಸಿಕ್ರ ಕೆಟ್ವಿ. ಅದು ಅವನ ಚೀಲದಾಗೇ ಕೋರ್ಟಿನೊಳಗ ಹೋಗಬೇಕು. ಅವನ ಡಬ್ಬಿ ಮ್ಯಾಲೆ ನಾವು ಕೊರೆಸೀವಿ ಅನ್ನಾಕ ಬರಂಗಿಲ್ಲ." ನಮಿತಾ ಮೇಡಂ ಕಿವಿಯಲ್ಲಿ ಎರಡು ಮಾತು ಹೇಳಿ ಬಂದವರು ವಿಚಾರಣೆ ಮತ್ತೆ ಶುರುವಾಗುವವರೆಗೂ ಆ ಚೀಲದ ಮೇಲಿನ ಕಣ್ಣು ಕೀಳುವುದಿಲ್ಲ. ಧನರಾಜ ಮಧ್ಯೆ ಒಮ್ಮೆ ಚೀಲ ಹೆಗಲಿಗೇರಿಸಿ ಗೇಟಿನತ್ತ ಹೊರಟಾಗ ಇವರೂ ಎದ್ದು ದೂರದಿಂದಲೇ ಹಿಂಬಾಲಿಸುತ್ತಾರೆ. ಪುಣ್ಯಕ್ಕೆ ಅವನು ಹೋದದ್ದು ಚಹಾಕ್ಕೆ.

ಮಧ್ಯಾಹ್ನ ಒಳಗೆ ನಡೆದದ್ದನ್ನು ಆಮೇಲೆ ಗದಿಗೆಪ್ಪನೇ ಹೇಳಿದರು. ಧನರಾಜನ ಸರದಿ ಬಂದಾಗ ಡಬ್ಬಿಯನ್ನು ಮೇಜಿನ ಮೇಲಿಡಲು ಹೇಳಬೇಕೆಂದು ನಮಿತಾ ನ್ಯಾಯಾಧೀಶರನ್ನು ಕೇಳಿಕೊಂಡರು. ಅವನು ಇಟ್ಟ.

"ಡಬ್ಬಿ ಯಾರದು?"

"ನಂದೇ ರೀ."

"ಎಲ್ಲಿಂದ ಬಂತು?"

ಅವನು ಯೋಚಿಸಲೇ ಇಲ್ಲ. "ಮದುವ್ಯಾಗ ಬಂದಿದ್ದು."

"ಯಾರ ಮದುವೆಯಲ್ಲಿ?" ಈ ಸಲ ಕೇಳಿದ್ದು ನ್ಯಾಯಾಧೀಶರು. ಮುಚ್ಚಳದ ಮೇಲಿದ್ದ ಎರಡು ಹೆಸರನ್ನು ಓದಿಸಿದರು. ಅವನೇ ಓದಿದ: ಧನರಾಜ, ಮಹಾದೇವಿ.

ನಾಲ್ಕೂವರೆಗೆ ಆದೇಶ ಬಂತು: ಕೇಸು ಮುಗಿಯುವವರೆಗೆ ಮಹಾದೇವಿಯನ್ನು ಕೋಲಿಯಿಂದ ಯಾರೂ ಹೊರಹಾಕುವಂತಿಲ್ಲ. ಅವಳು ಗದಿಗೆಪ್ಪನ ಕಾಲಿಗೆ ಬೀಳಹೋದಳು. ಇವರು ಹಿಂದೆ ಸರಿದು, "ಮೊದಲ ಮನಿಗಿ ಹೋಗಿ ಉಣ್ಣು, ತಂಗಿ" ಎಂದು ಕಳಿಸಿದರು. ಗೆದ್ದ ಖುಷಿ ನನಗೇ ಹೆಚ್ಚು. ಅವರು ಸುಮ್ಮನೆ ಫೈಲು ಕಟ್ಟುತ್ತಿದ್ದರು.

ಭಾಂಡೆ ನೋಡುವ ಈ ಉಪಾಯ ಕಲಿಸಿದವರು ಯಾರು ಎಂದೆ. ದಾರ ಬಿಗಿಯುತ್ತಿದ್ದ ಕೈ ನಿಂತಿತು.

"ನಮ್ಮಕ್ಕ ಬಸಲಿಂಗವ್ವನ್ನ ಹಿಂಗೇ ಹೊರಗ ಹಾಕಿದ್ರು ರೀ, ಸಾಂತಾಕ್ರೂಜದಾಗ. ಆವಾಗ ನಾ ಇಟ್ಟಂಗಿ ಹೊರತಿದ್ದೆ, ಕೋರ್ಟು ಗೊತ್ತಿಲ್ಲ, ಕಚೇರಿ ಗೊತ್ತಿಲ್ಲ. ಊರಿಗಿ ಕಳಸಾಕ ಟಿಕೀಟಿಗೆ ರೊಕ್ಕ ಇರಲಿಲ್ಲ. ಆಕಿ ಲಗ್ನದ ಭಾಂಡೆ ಎಲ್ಲಾ ತೂಕಕ್ಕ ಹಾಕಿ ಮಾರಿದಾಂವ ನಾನೇ. ಒಂದನ್ನೂ ತಿರುವಿ ನೋಡಲಿಲ್ಲ."