ಸಾರು ಬಿಸಿ ಇರುವಷ್ಟು ದೂರ

ಇಲ್ಲಿಂದ ಲಂಡನ್ನಿಗೆ ವಿಮಾನದಲ್ಲಿ ಎಷ್ಟು ಮೈಲಿ, ಎಷ್ಟು ಗಂಟೆ ಎಂದು ಮೊಮ್ಮಕ್ಕಳು ಲೆಕ್ಕ ಹಾಕುವಾಗ ನನಗೆ ನಗು ಬರುತ್ತದೆ. ಬಸವನಗುಡಿಯಿಂದ ಮಲ್ಲೇಶ್ವರಕ್ಕಿರುವ ದೂರವನ್ನು ನಮ್ಮಮ್ಮ ಅಳೆದದ್ದು ಒಂದು ತಂಬಿಗೆ ಸಾರಿನಿಂದ.

ರಸ್ತೆಯಲ್ಲಿ ಮೋಟಾರು ಬಂದರೆ ಓಡಿಹೋಗಿ ನೋಡುತ್ತಿದ್ದ ಕಾಲ ಅದು. ಬಸವನಗುಡಿಯ ಅಂಚಿನಲ್ಲಿ ನಮ್ಮದು ಸೊಪ್ಪು ತರಕಾರಿಯ ತೋಟ. ನನಗೆ ಬಂದ ಗಂಡು ಮಲ್ಲೇಶ್ವರದ ತರಕಾರಿ ವ್ಯಾಪಾರಿ. ಎರಡು ಸಲ ತೋಟಕ್ಕೆ ಬಂದಿದ್ದರು. ಎರಡು ಸಲವೂ ನಾನು ಬೇಕೆಂದೇ ಬಾವಿಯ ಹತ್ತಿರ ಸುಳಿದಾಡಿದ್ದೆ; ಈಗ ಹೇಳಲು ನಾಚಿಕೆಯೇನು? ಮದುವೆಯಾದರೆ ಇವರನ್ನೇ ಆಗಬೇಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

ಅಮ್ಮ ಮಾತ್ರ ಜಗ್ಗಲಿಲ್ಲ. ಅಕ್ಕನನ್ನು ಎರಡು ದಿನದ ದಾರಿಯ ಊರಿಗೆ ಕೊಟ್ಟಿದ್ದೆವು. ಅವಳು ಜ್ವರದಲ್ಲಿ ಮಲಗಿದ ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಎದ್ದು ಓಡಾಡುತ್ತಿದ್ದಳು. ಆದರೂ ಅಮ್ಮನ ಕೊರಗು ಹೋಗಿರಲಿಲ್ಲ.

“ಐದೇ ಮೈಲಿ ಕಣೇ,” ಎಂದರು ಅಪ್ಪ.

“ಮೈಲಿ ಗೀಲಿ ನಂಗೊತ್ತಿಲ್ಲ. ನಾನ್ ಮಾಡಿದ್ ಸಾರು ಅವರ ಮನೇಗೆ ಬಿಸಿಬಿಸಿಯಾಗಿ ಮುಟ್ಟಿದ್ರೆ ಹುಡುಗೀನ ಕೊಡೋಣ. ಇಲ್ದಿದ್ರೆ ಬೇಡ.”

ಅಮ್ಮ ಹಿಡಿದ ಹಟ ಬಿಟ್ಟವಳಲ್ಲ. ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದ ಹಿತ್ತಾಳೆ ತಂಬಿಗೆಗೆ ಕುದಿಯುವ ಅವರೆಕಾಳಿನ ಸಾರು ಬಗ್ಗಿಸಿ, ಬಟ್ಟೆ ಸುತ್ತಿ ಅಪ್ಪನ ಕೈಗೆ ಕೊಟ್ಟಳು. ಜಟಕಾದ ಕುದುರೆ ಬಡಕಲು. ಅದು ಬೇಗ ಓಡಲಪ್ಪಾ ಎಂದು ನಾನು ಕಂಡ ಕಂಡ ದೇವರಿಗೆಲ್ಲ ಕೈಮುಗಿದೆ.

ಸಂಜೆ ಅಪ್ಪ ವಾಪಸಾದರು. ಖಾಲಿ ಕಳಿಸಬಾರದೆಂದು ಗಂಡಿನ ಮನೆಯವರು ತಂಬಿಗೆಯಲ್ಲಿ ಒಂದು ಅಚ್ಚು ಬೆಲ್ಲ ಹಾಕಿದ್ದರು. “ಬಾಯಿ ಸುಟ್ಟೋಯ್ತು ಕಣೇ!” ಎಂದು ಅಪ್ಪ ನಾಲಿಗೆ ಚಾಚಿ ತೋರಿಸಿದರು. ಅಮ್ಮ ತಂಬಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಹೂಂ, ಕೊಡೋಣ,” ಎಂದಳು.

ಮದುವೆಯಾದ ಮೇಲೆ ಅತ್ತೆ ಗುಟ್ಟು ಬಿಟ್ಟುಕೊಟ್ಟರು. ರೈಲ್ವೆ ಗೇಟು ಹಾಕಿ ಜಟಕಾ ತಡವಾಗಿ, ಸಾರು ತಣ್ಣಗಾಗಿತ್ತಂತೆ. ಅಪ್ಪನ ಮುಖ ಬಾಡಿದ್ದು ನೋಡಿ ಅತ್ತೆಯೇ ತಂಬಿಗೆಯನ್ನು ಒಲೆಯ ಮೇಲಿಟ್ಟರಂತೆ. ಸುಳ್ಳು ಹೇಳಲಾರದ ಅಪ್ಪ ಅದನ್ನು ಗುಟುಕರಿಸಿ ನಿಜವಾಗಿಯೂ ಬಾಯಿ ಸುಟ್ಟುಕೊಂಡರಂತೆ. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಆದರೂ ಅಮ್ಮನಿಗೆ ಗೊತ್ತಾದರೆ ಏನು ಗತಿ ಎಂಬ ಭಯ ಇದ್ದೇ ಇತ್ತು.

ಮರುವರ್ಷ ಅವರೆಯ ಕಾಲಕ್ಕೆ ನನಗೆ ಜ್ವರ ಬಂತು. ಅಮ್ಮ ಅದೇ ತಂಬಿಗೆ ಹಿಡಿದು ಜಟಕಾದಿಂದ ಇಳಿದಳು. ಮುಟ್ಟಿದೆ, ತಣ್ಣಗಿತ್ತು. ಅಮ್ಮ ನೆಟ್ಟಗೆ ಅಡುಗೆಮನೆಗೆ ಹೋಗಿ ಅದನ್ನು ಅತ್ತೆಯ ಕೈಗಿಟ್ಟಳು.

“ತಗೊಳ್ಳಿ, ಇದನ್ನೂ ಕಾಸ್ಬಿಡಿ.”

ಅತ್ತೆ ಪೆಚ್ಚಾದರು. ಅಮ್ಮ ನಕ್ಕಳು. “ಅವತ್ತು ತಂಬಿಗೆ ತಳವೆಲ್ಲಾ ಮಸಿ ಮಾಡಿ ಕಳ್ಸಿದ್ರಲ್ಲ! ಅದನ್ನ ನೋಡಿದ್ಮೇಲೇನೇ ನಾನು ಹೂಂ ಅಂದಿದ್ದು. ಕಾಸಿಕೊಡೋರು ಇದ್ರೆ ದೂರ ಎಷ್ಟಾದ್ರೇನು?”

ಆ ದಿನ ಸಾರು ಕುಡಿದು ನಾನೂ ಬಾಯಿ ಸುಟ್ಟುಕೊಂಡೆ.