ಜೋಡಿ ಚುಕ್ಕಿಯ ಪತಂಗ

ಶಿವಯೋಗಪ್ಪ ಮೇಷ್ಟ್ರ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ನಾನಂತೂ ಕೇಳಿದವನಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾಗಿ ವಿದ್ಯಾನಗರದಲ್ಲಿ ಮನೆ ಕಟ್ಟಿಕೊಂಡಿದ್ದ ಈ ಮಹಾಶಯರು ತೊಂಬತ್ತರ ದಶಕದ ಉದ್ದಕ್ಕೂ ನನ್ನ ಗಿರಾಕಿ. ಆಗಾಗ ಒಂದು ರೋಲು ತಂದು ಕೌಂಟರಿನ ಮೇಲೆ ಕುಕ್ಕುವರು. ತೊಳೆದು ನೋಡಿದರೆ ಬರೀ ಪತಂಗ. ಅದು ಪತಂಗ ಎಂಬುದನ್ನೂ ಅವರು ಹೇಳಿದ ಮೇಲೆ ನಾವು ನಂಬಬೇಕು. ನಮ್ಮ ಕಣ್ಣಿಗೆ ಬೆಡ್‌ಶೀಟಿನ ಮೇಲೆ ಚೆಲ್ಲಿದ ಕಾಫಿ ಕಲೆಯಷ್ಟೇ ಕಾಣುತ್ತಿತ್ತು.

ಅವರ ಕ್ಯಾಮೆರಾ ಹತ್ತಿರದ ವಸ್ತುವನ್ನು ಹಿಡಿಯುವಂಥದ್ದೇ ಅಲ್ಲ. “ಸ್ವಲ್ಪ ಹಿಂದೆ ನಿಂತು ತೆಗೀರಿ ಸಾರ್” ಎಂದರೆ ಕೇಳುವವರಲ್ಲ. ಕಲರ್ ರೋಲು ಹಾಕಿ ಎಂದರೆ ಅದಂತೂ ಕೂಡದು. ಕಲರ್ ಆದರೆ ನಾನು ಹೊರಗಿನ ಲ್ಯಾಬಿಗೆ ಕಳಿಸಬೇಕು, ಅಲ್ಲಿ ಯಾರಾದರೂ ಇವರು ಪತ್ತೆ ಮಾಡಿದ್ದನ್ನು ಹೊಡೆದುಕೊಂಡುಬಿಟ್ಟರೆ? ಕಪ್ಪು ಬಿಳುಪಾದರೆ ಎಲ್ಲ ನನ್ನ ಕತ್ತಲೆ ಕೋಣೆಯಲ್ಲೇ ಮುಗಿಯುತ್ತದೆ. ರೆಕ್ಕೆಯ ಬಣ್ಣ ನೋಡಿ ಜಾತಿ ಹೇಳಬೇಕಾದ ಜೀವಿಯನ್ನು ಬಣ್ಣವೇ ಇಲ್ಲದೆ ಗುರುತಿಸುವ ಪಂಡಿತರು ಇಡೀ ರಾಜ್ಯಕ್ಕೆ ಇವರೊಬ್ಬರೇ ಇದ್ದಿರಬೇಕು.

ಗುರುತಿಸುವ ವೈಖರಿಯನ್ನಾದರೂ ನೋಡಬೇಕಿತ್ತು. ಜೇಬಿನಿಂದ ಭೂತಗನ್ನಡಿ ತೆಗೆದು, ಫೋಟೋವನ್ನು ಬೆಳಕಿಗೆ ಹಿಡಿದು, ಮೂಗಿನಲ್ಲೇ ‘ಹೂಂ’ ಎಂದು, ಬಾಯಿ ತಿರುಗದ ಒಂದು ಲ್ಯಾಟಿನ್ ಹೆಸರು ಉದುರಿಸುವರು. ಜನಕ್ಕೂ ಬುದ್ಧಿ ಇರಲಿಲ್ಲ ಬಿಡಿ, ಗಾಜನೂರಿನಿಂದೆಲ್ಲ ಮಸುಕು ಮಸುಕು ಫೋಟೋ ಹಿಡಿದು ಬರುತ್ತಿದ್ದರು. ಒಂದು ಸಲ ನನ್ನ ತಂಗಿ ಶಂಕರಮ್ಮನ ಗೃಹಪ್ರವೇಶದ ಫೋಟೋ ಕೌಂಟರಿನ ಮೇಲಿತ್ತು. ಮೇಷ್ಟ್ರು ಅದರಲ್ಲೂ ಗೋಡೆಯ ಮೇಲೊಂದು ಪತಂಗ ಕಂಡುಹಿಡಿದು ಹೆಸರು ಹೇಳಿಬಿಟ್ಟರು.

“ಸಾರ್, ಅದು ಫ್ಯಾನಿನ ಸ್ವಿಚ್ಚು” ಎಂದೆ.

“ಸ್ವಿಚ್ಚಿನ ಮೇಲೆ ಕೂತಿದೆ ಮಾರಾಯ” ಎಂದರು.

ಇಂಥವರ ಜೊತೆ ಬಾಳಿ ಸವೆದವರು ಅವರ ಹೆಂಡತಿ ವೀರಮ್ಮ. ರಾತ್ರಿ ದೀಪಕ್ಕೆ ಬರುವ ಪತಂಗ ಕೂರಲೆಂದು ತಾರಸಿಯ ಮೇಲೆ ಬಿಳಿ ಶೀಟು ಹಿಡಿದು ನಿಲ್ಲುವವರು ಅವರು, ಹುಳಗಳು ಹೊಲಸು ಮಾಡಿದ ಶೀಟನ್ನು ಒಗೆಯುವವರೂ ಅವರೇ. ಭದ್ರಾವತಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಮೇಷ್ಟ್ರ ತಮ್ಮನ ಮನೆಯಿತ್ತು. ಅಲ್ಲಿನ ಬೀದಿ ದೀಪಕ್ಕೆ ಪತಂಗಗಳು ಚೆನ್ನಾಗಿ ಮುತ್ತುತ್ತವೆಂದು ಹೆಂಡತಿಯನ್ನೂ ಶೀಟನ್ನೂ ಬಸ್ಸಿಗೆ ಹತ್ತಿಸಿಕೊಂಡು ಹೋಗುವರು. ದೀಪಾವಳಿಗೆ ತವರಿಗೆ ಹೋಗಬೇಕು ಎಂದು ಆಕೆ ಕೇಳಿದರೆ, ಅಮಾವಾಸ್ಯೆಯ ಕತ್ತಲಲ್ಲೇ ಪತಂಗ ಬರುವುದು ಎಂದು ತಡೆಯುವರು. ನನಗೆ ಆ ಮನುಷ್ಯನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತೆಂಟರ ಮಳೆಗಾಲ ಮುಗಿದ ಮೇಲೆ ಭದ್ರಾವತಿಯಲ್ಲಿ ತೆಗೆದ ಒಂದು ಫೋಟೋವನ್ನು ದೊಡ್ಡದು ಮಾಡಿಸಿಕೊಂಡು ಹೋದರು. ಮಾರನೆಯ ದಿನ ಅಂಗಡಿ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಫೋಟೋದಲ್ಲಿ ಪತಂಗದ ಎರಡು ರೆಕ್ಕೆಗಳ ಮೇಲೂ ಒಂದೊಂದು ಕಪ್ಪು ಚುಕ್ಕಿ.

“ಒಂದೇ ರೆಕ್ಕೇಲಿ ಇದ್ದಿದ್ರೆ ಕೊಳೆ ಅನ್ನಬಹುದಿತ್ತು. ಎರಡರಲ್ಲೂ ಅದೇ ಜಾಗದಲ್ಲಿದೆ ನೋಡು! ಯಾವ ಪುಸ್ತಕದಲ್ಲೂ ಇಲ್ಲ. ಹೊಸ ಜಾತಿ ಕಣಯ್ಯ. ನಮ್ಮನೆಯವಳ ಹೆಸರೇ ಇಡ್ತೀನಿ.”

ಪತಂಗವನ್ನು ಹಿಡಿದಿಟ್ಟಿದ್ದೀರಾ ಎಂದು ಕೇಳಿದೆ. ಹಾರಿಹೋಯಿತಂತೆ. ಫೋಟೋ ಇದೆಯಲ್ಲ, ಸಾಲದೇ ಎಂದರು.

ಈ ಸುದ್ದಿಯಿಂದ ವೀರಮ್ಮನವರ ನಡಿಗೆಯೇ ಬದಲಾಯಿತು. ವಿದ್ಯಾನಗರದ ಮನೆ ಮನೆಗೂ ಹೇಳಿಕೊಂಡು ಬಂದರು. ಯಾವತ್ತೂ ಸ್ಟುಡಿಯೋ ಮೆಟ್ಟಿಲು ಹತ್ತದಿದ್ದವರು ಒಂದು ಮಧ್ಯಾಹ್ನ ನನ್ನ ಹತ್ತಿರವೂ ಬಂದರು.

“ಪುಸ್ತಕದಲ್ಲಿ ನನ್ನ ಹೆಸರು ಬರುತ್ತಂತೆ ಮಲ್ಲಿಕಣ್ಣ. ಒಂದು ಸಲ ಇಟ್ಟರೆ ಯಾರೂ ತೆಗೆಯೋ ಹಾಗಿಲ್ವಂತೆ. ನಿಜಾನಾ?”

ನಿಜ ಎಂದೆ. ಮೇಷ್ಟ್ರ ಯಾವ ಮಾತನ್ನೂ ನಂಬದ ನಾನು, ಈ ಹೆಂಗಸಿಗಾಗಿ ಆ ಒಂದು ಪತಂಗವಾದರೂ ನಿಜವಾಗಿರಲಿ ಎಂದು ಮನಸಾರೆ ಬಯಸಿದೆ.

ಮೇಷ್ಟ್ರು ಫೋಟೋವನ್ನು ಬೆಂಗಳೂರಿನಲ್ಲಿ ಪತಂಗಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ವಿಜಯೇಂದ್ರ ಎಂಬುವವರಿಗೆ ತೋರಿಸಿಕೊಂಡು ಬಂದಿದ್ದರು. ಅವರು ಭಾಷಣಕ್ಕೆಂದು ಶಿವಮೊಗ್ಗಕ್ಕೆ ಬಂದಾಗ, ನೆಗೆಟಿವ್ ನೋಡದೆ ಏನೂ ಹೇಳುವುದಿಲ್ಲ ಎಂದರಂತೆ. ನೆಗೆಟಿವ್ ಇದ್ದದ್ದು ನನ್ನಲ್ಲಿ. ಹಾಗಾಗಿ ಗಂಡ ಹೆಂಡತಿ, ವಿಜಯೇಂದ್ರ ಮೂವರೂ ಸ್ಟುಡಿಯೋಗೆ ಬಂದರು. ವೀರಮ್ಮ ರೇಷ್ಮೆ ಸೀರೆ ಉಟ್ಟಿದ್ದರು.

ನಾನು ಒಳಗೆ ಹೋಗಿ ಹೊಸದೊಂದು ಪ್ರಿಂಟು ಹಾಕಿ ಹಸಿಯಾಗಿಯೇ ತಂದು ಇಟ್ಟೆ. ವಿಜಯೇಂದ್ರ ಹಳೆಯದನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು.

“ಇದರಲ್ಲಿ ಎಡಗಡೆ ಮಾತ್ರ ಇದೆಯಲ್ಲ ಸಾರ್. ಅದೂ ಚುಕ್ಕಿಯಲ್ಲ, ಮಸಿ ಅಂಟಿರೋದು. ಉಳಿದಂತೆ ಇದು ಎಲ್ಲ ಕಡೆ ಸಿಗೋ ಪತಂಗ. ಬಲಗಡೆ ಚುಕ್ಕಿ ಯಾರು ಹಾಕಿದ್ದು?”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಆಮೇಲೆ ಹೆಂಡತಿಯ ಕಡೆ ಕೈ ತೋರಿಸಿದರು.

“ಇವಳದೇ ಕೆಲಸ. ತನ್ನ ಹೆಸರು ಬರುತ್ತೆ ಅನ್ನೋ ಆಸೆಗೆ ಮನೇಲಿ ಏನೋ ಬಳಿದಿದಾಳೆ. ಹೆಂಗಸರ ಬುದ್ಧಿ, ಏನು ಮಾಡೋಣ ಹೇಳಿ.”

ವೀರಮ್ಮ ಗಂಡನ ಮುಖವನ್ನೇ ನೋಡುತ್ತಾ ಕುಳಿತರು. ನನಗೆ ಎದ್ದು ಆತನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಅಷ್ಟರಲ್ಲಿ ಹಿಂದಿನ ಮೇಜಿನಿಂದ ಪುಟ್ಟಯ್ಯ ಎದ್ದು ಬಂದ. ಫೋಟೋಗಳನ್ನು ಬ್ರಷ್ಷಿನಿಂದ ತಿದ್ದುವುದು ಅವನ ಕೆಲಸ.

“ಅಮ್ಮನೋರ್ನ ಯಾಕೆ ಅಂತೀರಾ ಮೇಷ್ಟ್ರೆ? ನಾನೇ ಹಾಕಿದ್ದು. ಹೆಣ್ಣು ತೋರಿಸೋ ಫೋಟೋದಲ್ಲಿ ಒಂದು ಕಿವಿ ಓಲೆ ನೆರಳಲ್ಲಿ ಮುಚ್ಚಿಹೋಗಿದ್ರೆ, ಇನ್ನೊಂದು ನೋಡ್ಕೊಂಡು ಬರೆದುಕೊಡಲ್ವಾ? ಹಂಗೇ ಇದೂ. ಒಂದೇ ಕಡೆ ಇದ್ರೆ ಬೋಳು ಬೋಳು ಕಾಣ್ತಿತ್ತು. ಚೆನ್ನಾಗಿ ಕೂತಿದೆ ಅಲ್ವಾ?”

ಮೇಷ್ಟ್ರು ಹೆಂಡತಿಗೆ ಒಂದು ಮಾತು ಹೇಳುವರೇನೋ ಎಂದು ನಾನು ಕಾದೆ. ಅವರು ವಿಜಯೇಂದ್ರರ ಕಡೆ ತಿರುಗಿ, “ಬಲಗಡೇದು ಉದುರಿಹೋಗಿರಬೇಕು. ಎಡಗಡೇದು ಇದೆಯಲ್ಲ, ಹೊಸ ಜಾತಿ ಅನ್ನೋದರಲ್ಲಿ ಅನುಮಾನ ಇಲ್ಲ” ಎಂದರು.

ವೀರಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

“ಇವರು ಹೇಗೂ ಬಿಡೋರಲ್ಲ ಸಾರ್. ಹೆಸರಿಡೋದೇ ಆದ್ರೆ ಇವರದ್ದೇ ಇಟ್ಕೊಳ್ಳಲಿ. ಇಲ್ಲದ ಹುಳಕ್ಕೆ ನನ್ನ ಹೆಸರು ಬೇಡ.”

ಅಷ್ಟು ಹೇಳಿ ಮೆಟ್ಟಿಲಿಳಿದು ಬಜಾರಿನ ಜನದಲ್ಲಿ ಸೇರಿಹೋದರು. ಮೇಷ್ಟ್ರು ಹಿಂದೆ ಹೋಗಲಿಲ್ಲ. ಹಸಿ ಪ್ರಿಂಟನ್ನು ಬೆಳಕಿಗೆ ಹಿಡಿದು, ಆ ಮಸಿ ಯಾಕೆ ಮಸಿಯಲ್ಲ ಎಂದು ವಿಜಯೇಂದ್ರರಿಗೆ ವಿವರಿಸುತ್ತಿದ್ದರು.